ಮಾಲಿಂಗನ ಹೆಸರಿಗೆ ಎರಡು ಸಾಲು

ಕೌಜಲಗಿಯ ಖಂಡೆಪ್ಪ ಡೊಳ್ಳಿನ ಪದ ಎತ್ತಿದರೆ ಮೂರು ಹೊಲದಾಚೆ ನೀರು ಹಾಯಿಸುವವನು ಗುದ್ದಲಿ ಊರಿ ನಿಲ್ಲುತ್ತಿದ್ದ. ಇದು ಹೊಗಳಿಕೆಯಲ್ಲ, ಹಾಗೆ ನಿಂತವನು ನಾನೇ. ಮೂವತ್ತು ವರ್ಷ ಹಾಡಿದ ಆ ಗಂಟಲಿಗೆ ಹೋದ ವರ್ಷ ಗೋಕಾಕದಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಅವನ ಮಾತು ಗಾಳಿಗೆ ಜೋಳದ ಒಣ ಕಣಿಕೆ ಸರಸರ ಅಂದಂತೆ ಕೇಳುತ್ತದೆ.

ನಾನು ಪರಪ್ಪ, ಅದೇ ಊರಿನವನು. ಹಿಡಕಲ್ ಅಣೆಕಟ್ಟಿನ ಕಾಲುವೆಯಲ್ಲಿ ಗೇಟು ಎತ್ತಿ ಇಳಿಸುತ್ತ ಪಗಾರ ಉಂಡವನು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟೆ. ಛಂದಸ್ಸನ್ನು ಹುಕ್ಕೇರಿಯ ಗ್ರಂಥಾಲಯದ ಹರಕು ಪುಸ್ತಕದಿಂದ ಕಲಿತೆ. ಷಟ್ಪದಿ, ಕಂದ, ಸುನೀತ ಎಲ್ಲವನ್ನೂ ಕಾಲುವೆಯ ದಂಡೆಯ ಮೇಲೆ ಕೂತು ಬೆರಳೆಣಿಸಿ ಹಿಡಿದೆ. ಯಾವ ಗುರುವಿನ ಋಣವೂ ನನ್ನ ತಲೆಯ ಮೇಲಿಲ್ಲ ಎಂದು ಹೇಳಿಕೊಳ್ಳುವ ಚಟ ನನಗಿತ್ತು.

ಒಂದು ಮಧ್ಯಾಹ್ನ ಖಂಡೆಪ್ಪ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂತ.

“ಪರಪ್ಪಣ್ಣ, ನನಗ ಸುನೀತ ಬರಿಯಾಕ ಕಲಸ್ರಿ.”

ಮೂಡಲಗಿಯ ಸಾಹಿತ್ಯ ಬಳಗದವರು ಸುನೀತಗಳದೇ ಒಂದು ಪುಸ್ತಕ ತರುವವರಿದ್ದರು. ಹದಿನಾಲ್ಕು ಸಾಲು, ಪ್ರತಿ ಸಾಲಿಗೆ ಸಮ ಮಾತ್ರೆ, ಕೊನೆಗೆ ಪ್ರಾಸ. ಒಂದು ಸಾಲು ಹೆಚ್ಚಾದರೂ ತಿರುಗಿ ಕಳಿಸುತ್ತೇವೆ ಎಂದು ಮೊದಲೇ ಸಾರಿದ್ದರು.

“ನಿನಗ್ಯಾಕೋ ಅದು? ನಿನ್ನ ಹಾಡ ಬರದಿಡು.”

“ಬರದು ನೋಡಿದ್ನಿರಿ. ದನಿ ಇಲ್ದ ಹಾಡು ನೀರಿಲ್ದ ಕಾಲಿವಿಯಂಗ ಕಾಣ್ತಾವು. ಅವೆಲ್ಲಾ ನಮ್ಮ ಮಾಲಿಂಗ ಕಲಿಸಿದ್ದು. ಕುರಿ ಕಾಯಾಂವ, ಅಕ್ಷರ ಬರ್ತಿರಲಿಲ್ಲ. ಅವನ ಹೆಸರು ನನ್ನ ಗಂಟಲದಾಗ ಇತ್ತು, ಗಂಟಲಾನ ಹೋತು. ಯಾರು ಓದಿದ್ರೂ ನಿಂದರೂವಂಥಾದ್ದೊಂದು ಕಟ್ಟಿ, ಅದರಾಗ ಅವನ ಹೆಸರು ಅಚ್ಚ ಮಾಡಿಸಬೇಕಾಗೈತಿ.”

ಮರುದಿನವೇ ಪಾಠ ಸುರುವಾಯಿತು. ಅವನು ತಂದ ಮೊದಲ ಸಾಲು ಇದು: “ಕುರಿ ಮೇಯಿಸುತ ಕಲಿಸಿಕೊಟ್ಟೆಯೋ ಗುರುವೆ.” ನಾನು ಎಣಿಸಿದೆ. ಇಪ್ಪತ್ತು ಮಾತ್ರೆ ಬೇಕು, ಹದಿನೆಂಟೇ ಇದ್ದವು.

“ಕಮ್ಮಿ ಬಿದ್ದಾವು.”

“ಎಲ್ಲಿ ಕಮ್ಮಿರಿ? ಕಡೀಕ ಗುರುವೇ… ಅಂತ ಎಳದ್ರ ಸರೀ ಆಗ್ತೈತಲಾ.”

“ಓದಾಂವ ಯಾಕ ಎಳೀತಾನು? ಹಾಳಿಗಿ ಗಂಟಲಿಲ್ಲೋ ಖಂಡ್ಯಾ.”

ಆ ಮಾತು ನಾಲಿಗೆ ಜಾರಿ ಬಂತು. ಅವನು ಹಾಳೆಯನ್ನು ತನ್ನತ್ತ ಎಳೆದುಕೊಂಡ. ಆಮೇಲೆ ತಾನೇ ತಿದ್ದಿದ: “ಕುರಿಯ ಮೇಯಿಸುತಲೇ ಕಲಿಸಿಕೊಟ್ಟೆಯೊ ಗುರುವೆ.” ಐದೈದರ ನಾಲ್ಕು ಗಣ, ಒಂದಿಷ್ಟೂ ಅಲುಗಾಡದೆ ಕೂತವು. ನನಗೆ ಅಷ್ಟು ಕಲಿಯಲು ಎರಡು ವರ್ಷ ಹಿಡಿದಿತ್ತು. ಅದನ್ನು ಅವನಿಗೆ ಹೇಳಲಿಲ್ಲ.

ಅವನ ಹೆಂಡತಿ ಶೆಟ್ಟೆವ್ವ ಹಾದಿಯಲ್ಲಿ ನಿಲ್ಲಿಸಿ ನನ್ನನ್ನೇ ತರಾಟೆಗೆ ತಗೊಂಡಳು. “ಏನ್ ಹಚ್ಚಿ ಕೊಟ್ಟೀರಿ ಯಪ್ಪಾ! ಮೊದಲ ಊರಿಗೆಲ್ಲ ಕೇಳೂಹಂಗ ಒದರತಿದ್ರು. ಈಗ ರೊಟ್ಟಿ ಮುರಿದು ಕೈಯಾಗ ಹಿಡಕೊಂಡು ಬಟ್ಟ ಎಣಿಸ್ಕೋತ ಕುಂಡ್ರತಾರ. ಪಲ್ಯಾ ಆರಿ ಹೋಗ್ತೈತಿ.”

ತಿಂಗಳೊಪ್ಪತ್ತಿನಲ್ಲಿ ಹನ್ನೆರಡು ಸಾಲಾದವು. ಕೊನೆಯ ಎರಡಕ್ಕೆ ಬಂಡಿ ಹುಗಿದು ನಿಂತಿತು. ನಾನೇ ಕಟ್ಟಿಕೊಟ್ಟೆ. “ಜ್ಞಾನದೀಪವ ಬೆಳಗಿ ತಮವನ್ನು ನೀಗಿದನು” ಎಂದು ಒಂದು, ಅದಕ್ಕೆ ಪ್ರಾಸ ಕೂಡಿಸಿ ಇನ್ನೊಂದು. ಇಂಥ ಸಾಲು ತಾಲೂಕಿನಲ್ಲಿ ಮತ್ತೊಬ್ಬನಿಗೆ ಹೊಳೆಯದು ಎಂದುಕೊಂಡಿದ್ದೆ.

ಎರಡು ದಿನ ಬಿಟ್ಟು ಅವನು ತಂದ ಹಾಳೆಯಲ್ಲಿ ಹದಿನಾರು ಸಾಲಿದ್ದವು. ನನ್ನ ಎರಡರ ಕೆಳಗೆ ಊರ ಹೆಸರು, ಗುರುವಿನ ಹೆಸರು ಹಾಕಿ ಮತ್ತೆರಡು ಜೋಡಿಸಿದ್ದ. ಡೊಳ್ಳಿನ ಪದದವರ ಕಟ್ಟಳೆಯೇ ಹಾಗೆ. ಕೊನೆಯ ನುಡಿಯಲ್ಲಿ ಊರನ್ನೂ ಗುರುವನ್ನೂ ಹೇಳದೆ ಹಾಡು ಇಳಿಸುವಂತಿಲ್ಲ.

“ಈ ಎರಡ ತಗಿ,” ಅಂದೆ. “ಹದಿನಾಲ್ಕ ಅಂದ್ರ ಹದಿನಾಲ್ಕ. ಮ್ಯಾಲೆ ಬೇಕಾದ್ರ ‘ಮಾಲಿಂಗನಿಗೆ’ ಅಂತ ಬರಿ.”

“ಮ್ಯಾಲೆ ಬರದ್ರ ಅದು ಪದದ ಹೊರಗ ಆತಲ್ರಿ. ಅಂಗಳದಾಗ ನಿಂದ್ರಿಸಿ ನೀರ ಕೊಟ್ಟಂಗ. ಗುರುವಿನ ಹೆಸರ ನುಂಗಿದಾಂವ ಅಂತಾರ ನನಗ.”

“ಗುರು ಗುರು ಅಂತ ಕುಂತ್ರ ಪುಸ್ತಕದಾಗ ನೀನೂ ಇಲ್ಲ, ನಿನ್ನ ಗುರುವೂ ಇಲ್ಲ!”

“ನಿಮಗ ಗುರು ಇದ್ದಿದ್ರ ತಿಳೀತಿತ್ತು,” ಎಂದು ಹಾಳೆ ಮಡಚಿಕೊಂಡು ಎದ್ದುಹೋದ. ಆಮೇಲೆ ನಮ್ಮ ಕಟ್ಟೆ ಹತ್ತಲಿಲ್ಲ. ಕವಿತೆ ಕೊಡುವ ಕಡೆಯ ದಿನವೂ ದಾಟಿತು. ಒಬ್ಬ ಹಟಮಾರಿಗೆ ದಾರಿ ತೋರಿಸದೆ ಕಳಿಸಿದೆನಲ್ಲ ಎಂದು ಒಳಗೇ ಕುದಿಯುತ್ತಿದ್ದೆ.

ಪುಸ್ತಕ ಬಿಡುಗಡೆಯ ದಿನ ಮೂಡಲಗಿಗೆ ಹೋದರೆ ಖಂಡೆಪ್ಪ ಹಸಿರು ರುಮಾಲು ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಬಾಜೂ ಹೋಗಿ ಕೂತೆ. ಅವನು ಸರಿದು ಜಾಗ ಮಾಡಿದ. ಕಾಲೇಜಿನಲ್ಲಿ ಕಲಿಸುವ ರಾಜೇಶ್ವರಿ ಎಂಬ ಹೆಣ್ಣುಮಗಳು ಪುಸ್ತಕ ಹಿಡಿದು ಅವನ ಸುನೀತ ಓದತೊಡಗಿದಳು. ಅವಳಿಗೆ ಡೊಳ್ಳಿನ ಧಾಟಿ ಗೊತ್ತಿಲ್ಲ. ಎಳೆಯಲಿಲ್ಲ, ಕುಣಿಸಲಿಲ್ಲ, ಸುಮ್ಮನೆ ಓದಿದಳು. ಒಂದು ಸಾಲೂ ಕುಂಟಲಿಲ್ಲ. ನಾನು ಬೆರಳು ಮಡಚುತ್ತ ಹನ್ನೆರಡು ಎಣಿಸಿ ನನ್ನ ಜ್ಞಾನದೀಪಕ್ಕೆ ಕಾದೆ.

“ಊರು ಕೌಜಲಗಿಯದು, ಗುರು ನಮ್ಮ ಮಾಲಿಂಗ;
ಉಸಿರು ನನ್ನದು, ಪದವು ಅವನದೇ, ಬಿಡೆ ಸಂಗ.”

ಹದಿನಾಲ್ಕಕ್ಕೆ ಮುಗಿಯಿತು. ಅವನು ಕಿತ್ತು ಹಾಕಿದ್ದು ನನ್ನ ಎರಡು ಸಾಲು. ಎದೆಯಲ್ಲಿ ಚುರುಕ್ ಎಂದದ್ದು ಖರೆ. ಆದರೆ ನನ್ನ ದೀಪವನ್ನು ಯಾವ ಗುರುವಿನ ಮುಂದೆ ಬೇಕಾದರೂ ಇಡಬಹುದಿತ್ತು. ಈ ಎರಡು ಸಾಲು ಮಾಲಿಂಗನೊಬ್ಬನಿಗೇ ಸಲ್ಲುತ್ತವೆ.

ಸಭೆ ಚಪ್ಪಾಳೆಗೆ ಕೈ ಎತ್ತುವಷ್ಟರಲ್ಲಿ ಒಂದು ಗಳಿಗೆ ಮೌನ. ಡೊಳ್ಳಿನ ಮೇಳದಲ್ಲಿ ಗುರುವಿನ ಹೆಸರು ಬಂದೊಡನೆ ಹಿಂದಿನವರು “ಹೌದ್ ಹೌದು!” ಎಂದು ಕೂಗಬೇಕು. ಇಲ್ಲಿ ಅವನ ಹಿಂದೆ ಯಾರಿದ್ದರು? ನಾನೇ ಕೂಗಿಬಿಟ್ಟೆ. ಕುರ್ಚಿಗಳೆಲ್ಲ ಹೊರಳಿ ನೋಡಿದವು.

ಖಂಡೆಪ್ಪ ನನ್ನ ಕಿವಿಗೆ ಬಾಗಿದ.

“ತಡಾ ಮಾಡಿದ್ರಿ, ಪರಪ್ಪಣ್ಣ. ಮಾಲಿಂಗ ಇದ್ದಿದ್ರ ಬೈತಿದ್ದ.”