ಒತ್ತಾಗಿ ನೆಟ್ಟ ತೇಗ

ಅರಕಲಗೂಡು ಕಡೆಯ ಊರಿಗೆ ನಾನು ಸೊಸೆಯಾಗಿ ಬಂದಾಗ ಕೆರೆಯಾಚೆಯ ಸರ್ಕಾರಿ ತೋಪಿನ ತೇಗ ಎರಡಾಳೆತ್ತರವಿತ್ತು, ದಪ್ಪ ಮಾತ್ರ ನನ್ನ ಮುಂಗೈಯಷ್ಟು. ಐವತ್ತರ ದಶಕದ ಮಾತು. ನಮ್ಮ ಕೇರಿಯ ಹೆಂಗಸರಿಗೆಲ್ಲ ಅಲ್ಲೇ ಕೂಲಿ. ನಾನು ಅಕ್ಕ ಎನ್ನುತ್ತಿದ್ದ ನನ್ನ ಓರಗಿತ್ತಿ ಆ ಸಸಿಗಳನ್ನು ನೆಟ್ಟವರಲ್ಲಿ ಒಬ್ಬಳು.

ಒತ್ತಾಗಿ ನೆಟ್ಟ ಗಿಡಗಳು ಬಿಸಿಲಿಗಾಗಿ ಒಂದನ್ನೊಂದು ಮೀರಿಸುತ್ತ ಮೇಲಕ್ಕೇ ಓಡಿದವು. ಬೊಡ್ಡೆ ದಪ್ಪವಾಗಲೇ ಇಲ್ಲ. ಹಿಂದೆ ಬಿದ್ದ ಗಿಡಗಳು ನೆರಳಲ್ಲೇ ಒಣಗಿದವು. ಆಗಾಗ ಕೆಲವನ್ನು ಕಡಿದು ಜಾಗ ಬಿಡಿಸಬೇಕಿತ್ತು. ಅರಣ್ಯ ಇಲಾಖೆಯ ಮೇಲಿನವರು ಮುಂದೂಡುತ್ತ ಬಂದು, ಒಂದು ಬೇಸಿಗೆಯಲ್ಲಿ ಒಟ್ಟಿಗೇ ಅರ್ಧ ತೋಪು ಕಡಿಸಿದರು. ಉಳಿದವು ಆಸರೆಯಿಲ್ಲದ ಗಳುಗಳಂತೆ ನಿಂತವು, ತುದಿಯಲ್ಲಷ್ಟೇ ಎಲೆ.

ಆಷಾಢದ ಗಾಳಿಗೆ ಅವು ತೂಗಾಡತೊಡಗಿದಾಗ ನಾವು ಕಳೆ ಕೀಳಲು ಹೆದರಿದೆವು.

"ಗಾಳಿ ಬಂತು ಅಂತ ಕೂತ್ಕೊಳಂಗಿದ್ರೆ ನಾಳೆಯಿಂದ ಬರ್ಲೇಬ್ಯಾಡಿ" ಎಂದ ಮೇಸ್ತ್ರಿ.

ಮಧ್ಯಾಹ್ನ ಒಂದು ಮರ ನಡುವೆ ಮುರಿದು ಅಕ್ಕನ ಸೊಂಟದ ಮೇಲೆ ಬಿತ್ತು. ನಾವು ಕಿರುಚುತ್ತಾ ಅದನ್ನೆತ್ತಿದೆವು. ಓಡಿ ಬಂದ ಮೇಸ್ತ್ರಿ ಮೊದಲು ನೋಡಿದ್ದು ಮರವನ್ನು.

"ಇವಳ್ನ ಬೇಲಿಯಾಚೆ ಎಳ್ದಾಕಿ. ಸೌದೆ ಕದಿಯಕ್ಕೆ ಬಂದಿದ್ಲು ಅನ್ನಿ, ತಿಳೀತಾ?"

"ಜೀವ ಐತೆ ಮೇಸ್ತ್ರಿ, ಅಲ್ಲಾಡಿಸ್ಬ್ಯಾಡಿ" ಎಂದು ನಾನು ಅಡ್ಡ ಬಿದ್ದೆ. ಅವನ ಮಾತಿಗೆ ಹೆದರಿದ ಇಬ್ಬರು ಗಂಡಾಳುಗಳು ಅಕ್ಕನ ತೋಳು ಹಿಡಿದು ಎಳೆದೇ ಎಳೆದರು. ಅವಳ ಕೂಗು ಕೆರೆಯಾಚೆಗೂ ಕೇಳಿತಂತೆ.

ಬೇಲಿ ಪಕ್ಕದ ದಾರಿಯಲ್ಲಿ ಊರ ಗೌಡರ ಗಾಡಿ ಬಂತು. ಕೈಮುಗಿದೆ.

"ನಾಳೆ ಈ ಗಾಡೀಲಿ ದೇವ್ರನ್ನ ಕರ್ಕಂಡೋಗ್ಬೇಕು ಕಣಮ್ಮಿ. ನಿಮ್ಮೋರ್ನ ಹತ್ತಿಸ್ಕಳಕಾಯ್ತದಾ?" ಎಂದು ಗೌಡರು ಎತ್ತುಗಳನ್ನು ಹೊಡೆದರು.

ಕಂಬಳಿಯಲ್ಲಿ ಹೊತ್ತು ಅರಕಲಗೂಡು ಸೇರಿಸಿ, ಅಲ್ಲಿಂದ ಬಸ್ಸಿನ ನೆಲದ ಮೇಲೆ ಮಲಗಿಸಿ ಹಾಸನದ ಆಸ್ಪತ್ರೆಗೆ ಒಯ್ದೆವು. ಬದುಕಿದಳು. ಆದರೆ ಮೂಳೆ ಸೊಟ್ಟಗೆ ಕೂಡಿಕೊಂಡಿತು. ಮತ್ತೆ ನೆಟ್ಟಗೆ ನಿಲ್ಲಲಿಲ್ಲ.

ತೋಪು ನೋಡಲು ಸಾಹೇಬರು ಬಂದಾಗ ಮೇಸ್ತ್ರಿ ಕಳ್ಳತನದ ಕತೆ ಹೇಳಿದ.

"ಸುಳ್ಳು ಸಾ" ಎಂದೆ. "ಕೆಲ್ಸಕ್ಕೇ ಬಂದಿದ್ಲು. ಇವ್ರೇ ಎಳ್ದಾಕ್ಸಿದ್ದು."

ಸಾಹೇಬರು ನನ್ನ ಕಡೆ ತಿರುಗಲಿಲ್ಲ. "ಬಾಗಿರೋ ಮರಾನೆಲ್ಲ ತೆಗೆಸಿಬಿಡು" ಎಂದು ಮೇಸ್ತ್ರಿಗೆ ಹೇಳಿ ಜೀಪು ಹತ್ತಿದರು. ಮರುದಿನದಿಂದ ನನಗೆ ಅಲ್ಲಿ ಕೆಲಸವಿಲ್ಲ.

ಉಳಿದ ಮರಗಳಿಗೆ ಜಾಗ ಸಿಕ್ಕಿತ್ತು. ಮೇಲೇರುವುದು ನಿಧಾನವಾಗಿ, ಬೊಡ್ಡೆ ತುಂಬಿಕೊಳ್ಳತೊಡಗಿತು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಒಂದೊಂದೂ ನನ್ನ ಸೊಂಟದಷ್ಟು ದಪ್ಪ. ಬಂದ ಅಧಿಕಾರಿಗಳೆಲ್ಲ ಮೇಸ್ತ್ರಿಯನ್ನು ಹೊಗಳಿ ಹೋಗುತ್ತಿದ್ದರು.

ಅಷ್ಟರಲ್ಲಿ ಅಕ್ಕನ ಗಂಡ, ನಮ್ಮ ಭಾವ, ಚನ್ನರಾಯಪಟ್ಟಣದ ಕಡೆಯಿಂದ ಇನ್ನೊಬ್ಬಳನ್ನು ತಂದಿದ್ದ. ಮೊದಲ ದಿನವೇ ಅಕ್ಕನಿಗೆ, "ಅವ್ಳಿಗೆ ನೀರು ಕಾಯ್ಸು, ಅಷ್ಟಾದ್ರೂ ಮಾಡು" ಎಂದ. ಅಕ್ಕ ತೆವಳಿಕೊಂಡು ಹೋಗಿ ಒಲೆ ಹೊತ್ತಿಸಿದಳು. ಅದನ್ನು ನೋಡಲಾರದೆ ಅವಳನ್ನು ನಮ್ಮ ಗುಡಿಸಲಿಗೆ ಕರೆತಂದೆ. ಸಾಯುವವರೆಗೂ ನನ್ನ ಜೊತೆಗಿದ್ದಳು.

ನನ್ನ ಗಂಡ ಅದೇ ಮೇಸ್ತ್ರಿಯ ಕೈಕೆಳಗೆ ಕೂಲಿಗೆ ಹೋಗುತ್ತಲೇ ಇದ್ದ. ಬೇರೆ ಕೆಲಸ ಹುಟ್ಟುತ್ತಿರಲಿಲ್ಲ. ಸಂಜೆ ತೋಪಿನ ಕೂಲಿ ಹಿಡಿದು ಅವನು ಬಾಗಿಲಿಗೆ ಬಂದರೆ ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಿದ್ದಳು.