ಕೌಂಟಿ ಜೈಲಿನ ಕಡತಗಳಲ್ಲಿ ಕಲ್ಮೇಶ ಅಂಗಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಡಾಲಸ್‌ನ ಉತ್ತರಕ್ಕಿರುವ ಒಂದು ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಕೋರ್ಟಿನ ಪಾರ್ಕಿಂಗ್ ಜಾಗದಲ್ಲಿ ಒಂದೇ ಒಂದು ಕಾರು ನಿಂತಿದೆ. ಒಳಗೆ ಕಲ್ಮೇಶ ಅಂಗಡಿ ಸ್ಟೀರಿಂಗ್‌ಗೆ ಲ್ಯಾಪ್‌ಟಾಪ್ ಆನಿಸಿಕೊಂಡು, ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಂಡು, ಹಿಂದಿನ ದಿನ ಜೈಲು ಸೇರಿದವರ ಹೆಸರುಗಳನ್ನು ಓದುತ್ತಿದ್ದಾರೆ. ಪ್ರತಿ ಹೆಸರಿನ ಪಕ್ಕ ಒಂದು ಫೋಟೊ. ಕೆದರಿದ ತಲೆ, ಊದಿದ ಕಣ್ಣು, ಬೂದು ಬಣ್ಣದ ಗೋಡೆ. ವಿದ್ಯಾರ್ಥಿಯೊಬ್ಬನ ರೂಮ್‌ಮೇಟ್ ಗಾಬರಿಯಿಂದ ಫೋನ್ ಮಾಡಿದ್ದಾನೆ, ಗೆಳೆಯ ಮನೆಗೆ ಬಂದಿಲ್ಲ, ಫೋನ್ ಎತ್ತುತ್ತಿಲ್ಲ.

ಕಲ್ಮೇಶ ಆ ಹೆಸರನ್ನು ಮೊದಲು ಸರಿಯಾಗಿ ಹುಡುಕುತ್ತಾರೆ, ಆಮೇಲೆ ಹಿಂದುಮುಂದು ಮಾಡಿ ಹುಡುಕುತ್ತಾರೆ, ಕೊನೆಗೆ ಅಪ್ಪನ ಹೆಸರಿನಿಂದ ಹುಡುಕುತ್ತಾರೆ. ನಮ್ಮವರಲ್ಲಿ ಅಪ್ಪನ ಹೆಸರು ಕೆಲವರಿಗೆ ಮುಂದೆ, ಕೆಲವರಿಗೆ ಹಿಂದೆ, ಇನ್ನು ಕೆಲವರಿಗೆ ಬರೀ ಒಂದು ಇನಿಷಿಯಲ್. ಅದನ್ನು ಅಮೆರಿಕದ ಅರ್ಜಿಗಳು ಮನಬಂದಂತೆ ತಿರುಗಿಸಿಬಿಟ್ಟಿರುತ್ತವೆ. ಮೂರು ದಾರಿಯಲ್ಲೂ ಹುಡುಗ ಸಿಗುವುದಿಲ್ಲ. "ಜೈಲಿನಾಗ ಇಲ್ಲಪಾ. ಇನ್ನ ದವಾಖಾನಿಗೆ ಫೋನ್ ಮಾಡು, ನಾನೂ ಮಾಡ್ತೇನಿ," ಎನ್ನುತ್ತಾರೆ. ಚಹಾ ಮುಗಿಯುವಷ್ಟರಲ್ಲಿ ಮೆಸೇಜ್ ಬರುತ್ತದೆ. ಹುಡುಗ ಲೈಬ್ರರಿಯಲ್ಲಿ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದನಂತೆ. ಕಲ್ಮೇಶ ಜೋರಾಗಿ ನಗುತ್ತಾರೆ.

ಇಂಥ ಫೋನುಗಳು ಪುಕ್ಕಟೆ ಸೇವೆ. ಹೊಟ್ಟೆಪಾಡಿನ ಕೆಲಸ ಶುರುವಾಗುವುದು ಕೋರ್ಟಿನ ಬಾಗಿಲು ತೆರೆದ ಮೇಲೆ. ಕೆಲಸಕ್ಕೆ ಸೇರುವವರ, ಬಾಡಿಗೆ ಮನೆ ಹಿಡಿಯುವವರ ಪೂರ್ವಾಪರ ನೋಡುವ ಕಂಪನಿಗಳು ಕಲ್ಮೇಶರಿಗೆ ಹೆಸರುಗಳನ್ನು ಕಳಿಸುತ್ತವೆ. ಇವರು ಕೋರ್ಟಿನ ಕೌಂಟರಿನಲ್ಲಿ ಕೂತು, ಆ ವ್ಯಕ್ತಿಯನ್ನು ಪೊಲೀಸರು ಯಾವತ್ತಾದರೂ ಹಿಡಿದಿದ್ದರೇ, ಹಿಡಿದಿದ್ದರೆ ಕೇಸು ಏನಾಯಿತು ಎಂದು ಕಡತ ತೆಗೆಸಿ ನೋಡುತ್ತಾರೆ. ಟೆಕ್ಸಸ್‌ನಲ್ಲಿ ಬಂಧನದ ದಾಖಲೆ ಗುಟ್ಟಲ್ಲ, ಯಾರು ಬೇಕಾದರೂ ಕೇಳಬಹುದು. ಒಳಗಿರುವವರ ಫೋಟೊ ಜೈಲಿನ ವೆಬ್‌ಸೈಟಿನಲ್ಲೇ ಇರುತ್ತದೆ. ಬಿಡುಗಡೆಯಾದವರ ಹಳೆಯ ಫೋಟೊ ಬೇಕಾದರೆ ಜೈಲು ನಡೆಸುವ ಶೆರಿಫ್ ಕಚೇರಿಗೆ ಅರ್ಜಿ ಹಾಕಿ ಕಾಯಬೇಕು. ಎಲ್ಲವೂ ಕಂಪ್ಯೂಟರಿನಲ್ಲಿ ಸಿಗುತ್ತದೆ ಎಂದು ನಂಬಿದವರಿಗೆ ಕಲ್ಮೇಶ ಒಂದು ದಿನ ತಮ್ಮ ಜೊತೆ ಬರಲು ಹೇಳುತ್ತಾರೆ. ದಿನಕ್ಕೆ ನಲವತ್ತರ ಆಸುಪಾಸು ಹೆಸರು, ಎರಡು ಮೂರು ಕೌಂಟಿ, ಊಟ ಕಾರಿನಲ್ಲೇ. ಬೇಸಿಗೆಯಲ್ಲಿ ಸೀಟ್ ಬೆಲ್ಟಿನ ಕೊಂಡಿ ಮುಟ್ಟಿದರೆ ಕೈ ಸುಡುತ್ತದೆ.

ಬೈಲಹೊಂಗಲದಲ್ಲಿ ಇವರದೊಂದು ಫೋಟೊ ಸ್ಟುಡಿಯೋ ಇತ್ತು. ಪಾಸ್‌ಪೋರ್ಟ್ ಅಳತೆಯ ಫೋಟೊದಿಂದ ಹಿಡಿದು ಮದುವೆಯ ಆಲ್ಬಮ್‌ವರೆಗೆ ಊರಿನ ಅರ್ಧ ಮುಖಗಳು ಇವರ ಕ್ಯಾಮೆರಾದ ಮುಂದೆ ಕೂತು ಎದ್ದಿವೆ. ಹೆಂಡತಿ ಸುಚೇತಾರಿಗೆ ಡಾಲಸ್‌ನಲ್ಲಿ ಕೆಲಸವಾದಾಗ ಸ್ಟುಡಿಯೋ ಮುಚ್ಚಿ ಅವರ ಜೊತೆ ಬಂದರು. ಅವಲಂಬಿತರ ವೀಸಾದಲ್ಲಿ ದುಡಿಯುವಂತಿಲ್ಲ. ವರ್ಷಗಟ್ಟಲೆ ರೊಟ್ಟಿ ಬಡಿದರು, ಮಗಳು ದಿಯಾಳನ್ನು ಶಾಲೆಗೆ ಬಿಟ್ಟು ಕರೆತಂದರು, "ಯಜಮಾನ್ರು ಏನು ಮಾಡ್ತಾರೆ?" ಎಂಬ ಪ್ರಶ್ನೆ ಬಂದಾಗ ಅಡುಗೆಮನೆ ಸೇರಿಕೊಂಡರು. "ಆ ವರ್ಷಗಳ ಬಗ್ಗೆ ಬಾಳ ಕೇಳಬ್ಯಾಡ್ರಿ," ಎನ್ನುತ್ತಾರೆ. ಆ ಮಾತಿನಲ್ಲಿ ನಗು ಇಲ್ಲ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಸಿಕ್ಕ ಮೊದಲ ಕೆಲಸವೇ ಇದು. ಅಂದಿನಿಂದ ಬಿಟ್ಟಿಲ್ಲ.

ಸ್ಟುಡಿಯೋದ ಕಣ್ಣು ಮಾತ್ರ ಇನ್ನೂ ಹೋಗಿಲ್ಲ. "ಜೈಲಿನ ಫೋಟೊದಾಗ ಎಲ್ಲಾರೂ ಕಳ್ಳರ ಹಂಗ ಕಾಣ್ತಾರ್ರಿ. ನನ್ನ ನಿಂದ್ರಿಸಿದ್ರ ನಾನೂ ಹಂಗ ಕಾಣ್ತೇನಿ. ಮ್ಯಾಲ ಲೈಟು, ಹಿಂದ ಗ್ವಾಡಿ, 'ಸ್ವಲ್ಪ ತಲಿ ಎತ್ತು' ಅನ್ನಾವ್ರು ಒಬ್ಬರೂ ಇಲ್ಲ. ಹಿಡದದ್ದು ಬ್ಯಾರೆ, ತಪ್ಪು ಮಾಡಿದ್ದು ಬ್ಯಾರೆ. ಫೋಟೊ ನೋಡಿದಾವ್ರಿಗೆ ಅದು ತಿಳಿಯೂದಿಲ್ಲ."

ಕನ್ನಡ ಸಂಘದ ಸಮಾರಂಭಗಳಲ್ಲಿ ಇವರ ಕೆಲಸದ ಬಗ್ಗೆ ಯಾರೂ ಬಹಿರಂಗವಾಗಿ ಮಾತನಾಡುವುದಿಲ್ಲ. ಬಿಸಿಬೇಳೆಭಾತಿನ ಸಾಲಿನಲ್ಲಿ ಮಾತ್ರ ಯಾರಾದರೂ ಮೆಲ್ಲಗೆ ಪಕ್ಕಕ್ಕೆ ಬಂದು ನಿಲ್ಲುತ್ತಾರೆ. ಹೆಚ್ಚಿನವರು ಹೆಣ್ಣಿನ ಅಪ್ಪ, ಅಮ್ಮ. ಊರಿನಲ್ಲಾದರೆ ಹುಡುಗನ ಬಗ್ಗೆ ವಿಚಾರಿಸಲು ಅಕ್ಕಪಕ್ಕದ ಮನೆಯವರಿದ್ದಾರೆ, ಬೀದಿಯ ಕೊನೆಯ ಅಂಗಡಿಯವನಿದ್ದಾನೆ. ಇಲ್ಲಿ ಪಕ್ಕದ ಮನೆಯವರಿಗೆ ಹುಡುಗನ ಕಸದ ಡಬ್ಬಿಯಷ್ಟೇ ಪರಿಚಯ. ಹಾಗಾಗಿ ಜಾತಕ ಕೂಡಿಬಂದ ಮೇಲೆ ಕಲ್ಮೇಶರಿಗೆ ಫೋನ್ ಬರುತ್ತದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದವರು ಈ ಸೌಲಭ್ಯ ಕಂಡಿರಲಿಲ್ಲ.

ಇಂಥ ಖಾಸಗಿ ಕೋರಿಕೆಗಳಿಗೆ ಕಲ್ಮೇಶರದು ಒಂದೇ ನಿಯಮ. ಏನಾದರೂ ಸಿಕ್ಕರೆ ಅದನ್ನು ಕೇಳಿದವರಿಗೆ ಹೇಳುವ ಮುಂಚೆ, ಯಾರ ಹೆಸರಿನಲ್ಲಿ ಸಿಕ್ಕಿತೋ ಅವರಿಗೆ ಹೇಳುತ್ತಾರೆ. "ಸ್ಟುಡಿಯೋದಾಗ ಏನ್ ಮಾಡ್ತಿದ್ವಿ? ಫೋಟೊ ಯಾರ್ದೋ, ಮೊದಲ ಅವ್ರ ಕೈಯಾಗ ಕೊಡ್ತಿದ್ವಿ. ಇದೂ ಫೋಟೊನ ಅಲ್ಲೇನ್ರಿ?" ಈ ನಿಯಮದಿಂದ ಕಲ್ಮೇಶ ಕಳೆದ ವರ್ಷ ಒಬ್ಬ ಗೆಳೆಯನನ್ನು ಕಳೆದುಕೊಂಡರು.

ಆ ಗೆಳೆಯ ವಾಸುದೇವ. ಆಸ್ಟಿನ್ ಬಳಿಯ ಸೀಡರ್ ಪಾರ್ಕಿನಲ್ಲಿ ಮನೆ, ಚಿಪ್ ಕಂಪನಿಯಲ್ಲಿ ಕೆಲಸ, ಮೈಸೂರಿನವರು. ಮಗಳು ಮಹತಿಗೆ ಗಂಡು ಗೊತ್ತಾಗಿತ್ತು. ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿರುವ ಪ್ರಭಂಜನ, ಅವನೂ ಮೈಸೂರಿನ ಕಡೆಯವನೇ. ಹುಡುಗ ಹುಡುಗಿ ಒಪ್ಪಿಕೊಂಡು, ನಿಶ್ಚಿತಾರ್ಥದ ಹಾಲ್ ಬುಕ್ ಆಗಿತ್ತು. "ಕಲ್ಮೇಶ್ ಅವರೇ, ಒಂದು ಸಣ್ಣ ವಿಷಯ. ಹುಡುಗ ಬಂಗಾರದಂಥವನು, ಆದ್ರೂ ಒಂದ್ಸಲ ನೋಡ್ಬಿಡಿ. ನಮ್ಮಿಬ್ಬರಲ್ಲೇ ಇರಲಿ," ಎಂದರು ವಾಸುದೇವ. ನಿಯಮ ಗೊತ್ತಿದೆಯಲ್ಲ ಎಂದು ಕಲ್ಮೇಶ ಕೇಳಿದಾಗ, "ಅಯ್ಯೋ, ಸಿಕ್ಕರೆ ತಾನೆ!" ಎಂದು ನಕ್ಕಿದ್ದರಂತೆ.

ಸಿಕ್ಕಿತು. ಹುಡುಗ ಓದುತ್ತಿದ್ದ ಕಾಲದ್ದು, ಕಲ್ಮೇಶರ ಓಡಾಟದ ಕೌಂಟಿಯಲ್ಲೇ. ಪೊಲೀಸ್ ಕರ್ತವ್ಯಕ್ಕೆ ಅಡ್ಡಿಪಡಿಸಿದ ಆರೋಪ, ಬಂಧನ, ಮರುದಿನ ಬಿಡುಗಡೆ, ಕೆಲವು ತಿಂಗಳ ನಂತರ ಕೇಸು ವಜಾ. ಅರ್ಜಿ ಹಾಕಿ ತರಿಸಿದ ಫೋಟೊದಲ್ಲಿ ಹುಡುಗನ ಅಂಗಿಯ ಕಾಲರ್ ಒಂದು ಕಡೆ ಮಡಚಿಕೊಂಡಿತ್ತು. ಅಳು ತಡೆದುಕೊಂಡ ಮುಖ. ಕಲ್ಮೇಶ ಸ್ಟಾಫರ್ಡ್‌ಗೆ ಫೋನ್ ಮಾಡಿದರು.

"ತಮ್ಮಾ, ನಾ ಡಾಲಸ್ ಹತ್ರ ಪ್ರಾಸ್ಪರ್‌ನಿಂದ ಕಲ್ಮೇಶ. ಮಹತಿ ಅಪ್ಪ ನೋಡಾಕ ಹೇಳಿದ್ರು, ನಿನ್ನ ಹೆಸರಿನ್ಯಾಗ ಒಂದು ಅರೆಸ್ಟ್ ರೆಕಾರ್ಡ್ ಐತಿ. ನಿಂದ ಹೌದೋ ಅಲ್ಲೋ, ನೀನ ಹೇಳು."

ಪ್ರಭಂಜನ ಹೇಳಿದ ಕತೆ ನಮ್ಮವರಿಗೆ ಮಾತ್ರ ಅರ್ಥವಾಗುವಂಥದ್ದು. ಕಾರಿನ ಹಿಂದೆ ಪೊಲೀಸ್ ದೀಪ ಬೆಳಗಿದೆ. ಹುಡುಗ ಪಕ್ಕಕ್ಕೆ ನಿಲ್ಲಿಸಿದ್ದಾನೆ. ಅಮೆರಿಕಕ್ಕೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಊರಿನಲ್ಲಿ ಪೊಲೀಸರು ಕೈ ಅಡ್ಡ ಹಾಕಿದರೆ ಗಾಡಿಯಲ್ಲೇ ಕೂತಿರುವುದು ಸೊಕ್ಕು. ಇಳಿದು, ಅವರಿದ್ದಲ್ಲಿಗೆ ಹೋಗಿ, ಸರ್ ಸರ್ ಎನ್ನುವುದು ಮರ್ಯಾದೆ. ಹುಡುಗ ಅದನ್ನೇ ಮಾಡಿದ. ಲೈಸೆನ್ಸ್ ತೆಗೆಯಲು ಹಿಂದಿನ ಜೇಬಿಗೆ ಕೈ ಹಾಕಿಕೊಂಡು ಅಧಿಕಾರಿಯತ್ತ ನಡೆದ. ಕಾರಿಗೆ ಹೋಗು ಎಂದು ಅವರು ಕೂಗಿದರು. ಕೋಪ ಬಂದಿದೆ, ಹತ್ತಿರ ಹೋಗಿ ಸಮಾಧಾನ ಹೇಳೋಣ ಎಂದು ಇನ್ನೂ ಎರಡು ಹೆಜ್ಜೆ ಮುಂದಿಟ್ಟ. ಇಲ್ಲಿನ ಪೊಲೀಸರ ಕಣ್ಣಿಗೆ ಅದು ಬಂದೂಕಿಗೆ ಕೈ ಹಾಕಿದ ಹಾಗೆ. ಕೈಗೆ ಕೋಳ ಬಿತ್ತು. ಮೈಸೂರಿನ ಅಮ್ಮನಿಗೂ ಅವನು ಇದನ್ನು ಹೇಳಿರಲಿಲ್ಲ.

"ಆದ್ರೆ ಅಂಕಲ್, ಕೇಸ್ ಡಿಸ್ಮಿಸ್ ಆಯ್ತಲ್ಲ. ಎಲ್ಲಾ ಅಳಿಸಿ ಹಾಕಿರ್ತಾರೆ ಅಂದ್ಕೊಂಡಿದ್ದೆ."

"ಕೇಸ್ ಹೋತು. ಹಿಡದದ್ದು ಹೋಗಿಲ್ಲ. ಅದನ್ನ ತೆಗಸಾಕ ಕೋರ್ಟಿಗೆ ನೀನ ಬ್ಯಾರೆ ಅರ್ಜಿ ಹಾಕಬೇಕು. ತಾನಾಗಿ ಯಾರೂ ಅಳಸೂದಿಲ್ಲ."

"ಏನೂ ಸಿಗ್ಲಿಲ್ಲ ಅಂತ ಹೇಳ್ಬಿಡಿ ಅಂಕಲ್. ಪ್ಲೀಸ್. ಮಹತಿ ಮನೇಲಿ ಗೊತ್ತಾದ್ರೆ ಮುಗೀತು."

ಆ ಕ್ಷಣ ಹೂಂ ಅಂದುಬಿಡಬೇಕು ಅನಿಸಿತು ಎಂದು ಕಲ್ಮೇಶ ಒಪ್ಪಿಕೊಳ್ಳುತ್ತಾರೆ. ಒಂದು ಮಾತು, ಅಷ್ಟೇ. ಹಾಲ್ ಬುಕ್ ಆಗಿದೆ, ಇಬ್ಬರೂ ಮಕ್ಕಳು ಒಪ್ಪಿದ್ದಾರೆ, ಹುಡುಗ ಕದ್ದವನಲ್ಲ, ಹೊಡೆದವನಲ್ಲ. ಆದರೂ ಅವರು ಹೇಳಿದ್ದು ಬೇರೆ. "ನಾ ಸುಳ್ಳು ಹೇಳೂದಿಲ್ಲ ತಮ್ಮಾ. ಆದ್ರ ನಿನಗಿಂತ ಮೊದಲ ಹೇಳೂದೂ ಇಲ್ಲ. ಶನಿವಾರದ ತನಕ ಅವರ ಫೋನ್ ಎತ್ತೂದಿಲ್ಲ. ಅಷ್ಟರಾಗ ನೀನ ಹೋಗಿ ಹೇಳು."

ಆ ವಾರ ವಾಸುದೇವರ ಹೆಸರು ಫೋನಿನಲ್ಲಿ ಮತ್ತೆ ಮತ್ತೆ ಮಿನುಗಿತು. ಊಟಕ್ಕೆ ಕೂತಾಗಲೂ ಅದು ಟೇಬಲ್ ಮೇಲೆ ಗುಂಯ್‌ಗುಟ್ಟುತ್ತಿದ್ದುದನ್ನು ಸುಚೇತಾ ನೆನೆಯುತ್ತಾರೆ. "ಎತ್ರಿ, ಇಲ್ಲಾಂದ್ರ ಸ್ವಿಚ್ ಆಫ್ ಮಾಡ್ರಿ, ಅನ್ನ ಗಂಟಲದಾಗ ಇಳೀವಲ್ದು ಅಂತ ಬೈದೆ. ಎರಡೂ ಮಾಡ್ಲಿಲ್ಲ ಈ ಮನಷ್ಯಾ."

ಶನಿವಾರ ಪ್ರಭಂಜನ ಸ್ಟಾಫರ್ಡ್‌ನಿಂದ ಸೀಡರ್ ಪಾರ್ಕಿಗೆ ಡ್ರೈವ್ ಮಾಡಿಕೊಂಡು ಹೋದ. ಕೇಸು ವಜಾ ಆದ ಆದೇಶವನ್ನೂ ಕಲ್ಮೇಶ ಕಳಿಸಿದ್ದ ಆ ಫೋಟೊವನ್ನೂ ಟೀಪಾಯಿಯ ಮೇಲಿಟ್ಟ. ಮಹತಿ ಫೋಟೊ ಕೈಗೆತ್ತಿಕೊಂಡು, ಕಾರಿನಲ್ಲೇ ಕೂತಿರಬೇಕೆಂದು ನಿನಗೆ ಯಾರೂ ಹೇಳಿರಲಿಲ್ಲವೇ ಎಂದು ಕೇಳಿದಳಂತೆ. ಇಲ್ಲೇ ಬೆಳೆದ ಹುಡುಗಿಗೆ ಅದು ಅ, ಆ, ಇ, ಈ ಇದ್ದ ಹಾಗೆ. ವಾಸುದೇವರ ಮಾತು ಮಾತ್ರ ಗಡುಸಾಗಿತ್ತು. "ಬೆಂಕಿ ಇಲ್ದೆ ಹೊಗೆ ಆಡುತ್ತಾ?" ಎಂದರು. "ಅಪ್ಪಾ, ಹಿ ಟೋಲ್ಡ್ ಅಸ್ ಹಿಮ್‌ಸೆಲ್ಫ್. ಇನ್ನೇನ್ ಬೇಕು ನಿಮ್ಗೆ?" ಎಂದಳು ಮಗಳು. ಕೊನೆಗೆ ವಾಸುದೇವ ಒಂದು ತೀರ್ಪು ಕೊಟ್ಟರು. ಮದುವೆ ಮುರಿಯುವುದಿಲ್ಲ, ಆದರೆ ಈ ದಾಖಲೆ ಇರುವವರೆಗೆ ನಿಶ್ಚಿತಾರ್ಥವೂ ಇಲ್ಲ. ನಾಳೆ ನೆಂಟರಲ್ಲಿ ಯಾರೋ ಒಬ್ಬರು ಆ ಫೋಟೊವನ್ನು ಹುಡುಕಿ ವಾಟ್ಸಾಪ್‌ನಲ್ಲಿ ಹಂಚಿದರೆ ಯಾರು ಹೊಣೆ? ಹಾಲ್ ಬುಕಿಂಗ್ ರದ್ದಾಯಿತು.

ಅಂದು ಸಂಜೆ ಕಲ್ಮೇಶ ಕೊನೆಗೂ ಫೋನ್ ಎತ್ತಿದರು. "ಕೇಳಿದ್ದು ನಾನು. ಅವನಿಗೆ ಯಾಕ್ರೀ ಮೊದಲು ಹೇಳಿದ್ರಿ? ನೀವು ನಮ್ಮ ಕಡೆಯವರು ಅಂದ್ಕೊಂಡಿದ್ದೆ," ಎಂದರು ವಾಸುದೇವ. ಇಬ್ಬರ ನಡುವಿನ ಕೊನೆಯ ಮಾತು ಅದೇ. ಈ ಲೇಖನಕ್ಕಾಗಿ ಸಂಪರ್ಕಿಸಿದಾಗ ಅವರು "ಬರ್ಕೊಳ್ಳಿ" ಎಂದಷ್ಟೇ ಹೇಳಿ ಫೋನಿಟ್ಟರು.

ಪ್ರಭಂಜನ ವಕೀಲರನ್ನು ಹಿಡಿದ. ಬಂಧನದ ದಾಖಲೆಯನ್ನೇ ನಾಶಪಡಿಸಬೇಕೆಂದು ಕೋರ್ಟಿಗೆ ಅರ್ಜಿ ಹೋಯಿತು. ವೀಸಾ ಅರ್ಜಿಗಳಲ್ಲಿ ಮಾತ್ರ ಮುಂದೆಯೂ ಇದನ್ನು ಹೇಳಲೇಬೇಕೆಂದು ವಕೀಲರು ಎಚ್ಚರಿಸಿದರು. ದಾಖಲೆಯ ಪ್ರತಿ ಯಾವ ಯಾವ ಇಲಾಖೆಯಲ್ಲಿ ಇರುತ್ತದೆ, ಯಾವ ಖಾಸಗಿ ವೆಬ್‌ಸೈಟುಗಳು ಇಂಥ ಫೋಟೊ ಎತ್ತಿಕೊಂಡು ಹಾಕುತ್ತವೆ ಎಂಬ ಪಟ್ಟಿಯನ್ನು ವಕೀಲರಿಗೆ ಒದಗಿಸಿದವರು ಕಲ್ಮೇಶ. ಅದಕ್ಕೆ ಯಾರೂ ಅವರನ್ನು ಕೇಳಿರಲಿಲ್ಲ. ಹುಡುಗ ತಿಂಗಳುಗಟ್ಟಲೆ ಕಾದ. ಮಹತಿಯೂ ಕಾದಳು. ಈ ಲೇಖನದಲ್ಲಿ ಅವನ ಹೆಸರು ಬದಲಿಸಿ ಬರೆಯಬಹುದು ಎಂದಾಗ ಪ್ರಭಂಜನ ಬೇಡ ಎಂದ. "ಫೋಟೊ ಬೇರೆಯವರು ತೋರಿಸೋದು ಬೇಡ ಅಷ್ಟೆ. ನಾನೇ ಹೇಳೋಕೆ ನನಗೇನೂ ನಾಚಿಕೆ ಇಲ್ಲ. ಕಾರಿಂದ ಇಳೀಬೇಡಿ ಅಂತ ಹೊಸದಾಗಿ ಬರೋ ಹುಡುಗರಿಗೆ ಬರೀರಿ."

ಕೋರ್ಟು ಅರ್ಜಿ ಒಪ್ಪಿತು. ಆದೇಶ ಎಲ್ಲ ಇಲಾಖೆಗಳಿಗೂ ತಲುಪಲೆಂದು ಕಲ್ಮೇಶ ಕೆಲವು ವಾರ ಬಿಟ್ಟರು. ಮನೆಯಲ್ಲಿದ್ದ ತಮ್ಮ ಪ್ರತಿಯನ್ನೂ ಹರಿದು ಹಾಕಿದರು. ಆಮೇಲೆ ಒಂದು ಬೆಳಿಗ್ಗೆ, ಕಂಪನಿಯ ಕೆಲಸ ಮುಟ್ಟುವ ಮುಂಚೆ, ಕೌಂಟರಿನಲ್ಲಿ ಕೂತು ಪ್ರಭಂಜನನನ್ನು ಹುಡುಕಿದರು. ಹಾಗೆ ಹೀಗೆ ಅಲ್ಲ, ಹಗೆಯವನನ್ನು ಹುಡುಕುವವರ ಹಟದಿಂದ ಹುಡುಕಿದರು. ಶೆರಿಫ್ ಕಚೇರಿಗೆ ಹೋಗಿ ಮತ್ತೆ ಕೇಳಿದರು. ಖಾಸಗಿ ವೆಬ್‌ಸೈಟುಗಳನ್ನು ಒಂದೊಂದಾಗಿ ತೆರೆದು ನೋಡಿದರು. ಮಧ್ಯಾಹ್ನ ಕಾರಿಗೆ ಬಂದು ಕೂತು ಫೋನ್ ಮಾಡಿದರು.

"ತಮ್ಮಾ, ನಿನ್ನ ಹುಡುಕಿದೆ. ಎಲ್ಲೂ ಸಿಗಲಿಲ್ಲ."

ಹುಡುಗ ಕೇಳಿದ, "ನಿಮಗೂ ಸಿಗ್ಲಿಲ್ವಾ ಅಂಕಲ್?"

ಸೀಡರ್ ಪಾರ್ಕಿನಲ್ಲಿ ನಿಶ್ಚಿತಾರ್ಥದ ದಿನ ಮತ್ತೆ ಗೊತ್ತಾಗಿದೆ. ಕಲ್ಮೇಶರ ಮನೆಗೆ ಕರೆ ಬಂದಿಲ್ಲ, ಬರುವ ಸೂಚನೆಯೂ ಇಲ್ಲ. ಅದರ ಬಗ್ಗೆ ಬೇಜಾರಿಲ್ಲವೇ ಎಂದರೆ, "ಐತಿ, ಯಾಕಿಲ್ಲ," ಎಂದು ನೇರವಾಗಿ ಹೇಳುತ್ತಾರೆ. ಆದರೆ ಅಂದು ಹುಡುಗನಿಗೆ ಕೊಟ್ಟ ಉತ್ತರವನ್ನು ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತದೆ.

"ನನಗೂ ಸಿಗಲಿಲ್ಲ ಅಂದೆ. ನನಗ ಸಿಗಲಿಲ್ಲ ಅಂದ್ರ, ಇನ್ನ ಯಾರಿಗೂ ಸಿಗೂದಿಲ್ರಿ."