ಗದಗಿನ ಬಿಸಿಲು, ಕೂಳೂರಿನ ಹೊಳೆ

"ನೀವೀಗ ಮಾತಾಡ್ಲಿಕ್ಕಿಲ್ಲ ಮೇಡಂ. ಸುಮ್ನೆ ಕೂತ್ಕೊಳ್ಳಿ. ಮಾತಾಡುವುದು ನಾವು."

ಮಂಗಳೂರಿಗೆ ಬಂದ ಹೊಸತರಲ್ಲಿ, ಹೆಸರು ಕೂಡ ಸರಿಯಾಗಿ ಕೇಳುವ ಮೊದಲೇ ನನಗೆ ಹೀಗೆ ಅಂದವರು ಹಮೀದ್ ಕಾಕ. ಅತ್ತಾವರದಲ್ಲಿ ಅವರದೊಂದು ಬಟ್ಟೆ ಅಂಗಡಿ. ನಾನು ಲ್ಯಾಬಿನಲ್ಲಿ ಕೆಲಸ ಮಾಡುವ ಆಸ್ಪತ್ರೆಯೂ ಅಲ್ಲೇ ಹತ್ತಿರ. ಭಾನುವಾರ ಬೆಳಿಗ್ಗೆ ಅಂಗಡಿಯ ಮಹಡಿಯ ಮೇಲೆ ಫೋಟೋ ಹುಚ್ಚಿನವರು ಒಂದಷ್ಟು ಮಂದಿ ಸೇರುತ್ತಾರೆ. ಅಂದು ನಾನೂ ಮೊದಲ ಸಲ ಹೋಗಿದ್ದೆ. ಗೋಡೆಯ ಟಿವಿಯಲ್ಲಿ ನಾನು ತೆಗೆದ ಕೂಳೂರು ಸೇತುವೆಯ ಫೋಟೋ ಬಂದಿತ್ತು. "ಇದು ಸಂಜೆ ಬಸ್ಸಿಳಿದು ತೆಗೆದಿದ್ದು..." ಎಂದು ಶುರು ಮಾಡಿದ್ದೆ, ಅಷ್ಟೇ. ಗದಗಿನಲ್ಲಿ ಯಾರ ಮನೆಯಲ್ಲಾದರೂ ನನಗೆ ಹೀಗೆ ಅಂದಿದ್ದರೆ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುತ್ತಿದ್ದೆ. ಇಲ್ಲಿ ಕೂತೆ. ತಟ್ಟೆಯಲ್ಲಿ ಗೋಳಿಬಜೆ ಬಿಸಿ ಬಿಸಿ ಇತ್ತು, ಅದೂ ಒಂದು ಕಾರಣ. ಗೋಳಿಬಜೆ ಅಂದರೆ ಮೈದಾದ ಮೆತ್ತನೆಯ ಬೋಂಡಾ, ನಮ್ಮ ಮಿರ್ಚಿ ಭಜಿಯ ಸಾಧು ಸ್ವಭಾವದ ತಂಗಿ.

ಆ ಗುಂಪಿನ ಕಟ್ಟುಪಾಡು ಹೀಗಿದೆ: ಫೋಟೋ ತೆಗೆದವರು ತುಟಿ ಬಿಚ್ಚುವಂತಿಲ್ಲ. ಉಳಿದ ಪ್ರತಿಯೊಬ್ಬರೂ ತಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು ಎಂದು ಹೇಳಬೇಕು. ಆಮೇಲೆ, ಏನು ಅಡ್ಡ ಬಂತು ಎಂದು ಹೇಳಬೇಕು. ಎಲ್ಲರದೂ ಮುಗಿದ ಮೇಲೆಯೇ ತೆಗೆದವರ ಸರದಿ.

"ನನ್ನ ಕಣ್ಣು ಮೊದಲು ಹೊಳೆಗೆ ಹೋಯ್ತು," ಅಂದರು ಬ್ಯಾಂಕಿನಲ್ಲಿರುವ ಶಾಲಿನಿಯಕ್ಕ. "ಆದ್ರೆ ಎಂತ ಮಾರಾಯ್ತಿ, ಹೊಳೆಯಲ್ಲಿ ಚಾ ಹರೀತಾ ಉಂಟಾ?"

ಎಲ್ಲರೂ ನಕ್ಕರು. ಕಾಕ ನಗಲಿಲ್ಲ. "ಇಷ್ಟು ಒಣ ಬಿಸಿಲು ನಮ್ಮಲ್ಲಿ ಇಲ್ಲಮ್ಮ. ಇಲ್ಲಿಯ ಬೆಳಕಿನಲ್ಲಿ ನೀರು ಉಂಟು. ನೀವು ಅದನ್ನು ಹಿಂಡಿ ಒಣಗ್ಲಿಕ್ಕೆ ಹಾಕಿದ್ದೀರಿ."

ನನಗೆ ಸಿಟ್ಟು ನೆತ್ತಿಗೇರಿತು. ಬಣ್ಣ ತಿದ್ದುವುದನ್ನು ಇವರಿಂದ ಕಲಿಯಬೇಕೇ? ನಾನು ಸ್ಟುಡಿಯೋದಲ್ಲೇ ಬೆಳೆದವಳು! ಬಸ್ಸಿನಲ್ಲಿ ಕೂತು ಮತ್ತೆ ಫೋಟೋ ನೋಡಿದೆ. ಹೊಳೆ ನಿಜಕ್ಕೂ ಚಹಾದ ಹಾಗೇ ಇತ್ತು. ಬಣ್ಣ ತಿದ್ದುವಾಗ ಗೊತ್ತಿಲ್ಲದೆಯೇ ನಾನು ಕೂಳೂರಿನ ಮೇಲೆ ಗದಗಿನ ಬಿಸಿಲು ಸುರಿದಿದ್ದೆ.

ಗದಗಿನಲ್ಲಿ ಅಪ್ಪನದು ಫೋಟೋ ಸ್ಟುಡಿಯೋ. ನಮ್ಮೂರಿನ ಎಷ್ಟೋ ಮದುವೆ, ಎಷ್ಟೋ ಕೂಸುಗಳ ಮೊದಲ ಹುಟ್ಟುಹಬ್ಬ ಅವನ ಕ್ಯಾಮೆರಾದ ಮುಂದೆಯೇ ಆಗಿವೆ. ಫೋಟೋ ಕೈಗಿಡುವಾಗ ಅವನು ಎಲ್ಲರಿಗೂ ಹೇಳುತ್ತಿದ್ದುದು ಒಂದೇ ಮಾತು: "ಚಲೋ ಬಂದೈತಿ ನೋಡ್ರಿ." ಮದುಮಗಳು ಕಣ್ಣು ಮುಚ್ಚಿದ್ದರೂ ಚಲೋ, ಕೂಸು ಬಾಯಿ ಬಿಟ್ಟು ಅಳುತ್ತಿದ್ದರೂ ಚಲೋ. "ಮಂದಿ ಮಾರಿ ಸಣ್ಣದಾಗಬಾರದವ್ವಾ," ಅನ್ನುತ್ತಿದ್ದ; ಮಾರಿ ಅಂದರೆ ನಮ್ಮಲ್ಲಿ ಮುಖ. ನಾನು ಮೊದಲ ಸಲ ಫೋಟೋ ತೆಗೆದು, ಅಜ್ಜಿಯ ತಲೆಯನ್ನೇ ಅರ್ಧ ಕತ್ತರಿಸಿ ತಂದಾಗಲೂ ಚಲೋ ಬಂದಿತ್ತು. ನನಗೆ ನಿಜವಾಗಿ ಫೋಟೋ ತೆಗೆಯಲು ಬರುತ್ತದೋ ಇಲ್ಲವೋ ಎಂದು ಅದಕ್ಕೇ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಅಪ್ಪನ ಬಾಯಿಂದ ಒಂದು ನಿಜವಾದ ಮಾತು ಬೇಕೆಂದು ಎಷ್ಟು ಆಸೆಪಟ್ಟಿದ್ದೇನೋ!

ಕೂಳೂರಿನ ಬಾಡಿಗೆ ಮನೆಗೆ ನಾನು ನಿಧಾನವಾಗಿ ಒಗ್ಗಿಕೊಂಡೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ. ದಪ್ಪ ಕುಚಲಕ್ಕಿ ಅನ್ನ ಗಂಟಲಲ್ಲಿ ಇಳಿಯದೆ, ಖಡಕ್ ರೊಟ್ಟಿ ನೆನೆದು ಅತ್ತದ್ದೂ ಉಂಟು. ಓಣಿಯ ಹೆಂಗಸರು ತಮ್ಮೊಳಗೆ ತುಳುವಿನಲ್ಲಿ ನಗುತ್ತಿರುತ್ತಾರೆ. ನಾನು ಬಂದೊಡನೆ ಪುಸ್ತಕದಂಥ ಕನ್ನಡಕ್ಕೆ ತಿರುಗುತ್ತಾರೆ. ಆ ಮರ್ಯಾದೆಯೇ ನನಗೆ ಚುಚ್ಚುತ್ತಿತ್ತು.

ಮಹಡಿಯ ಮೇಲೆ ಮಾತ್ರ ಆ ಮರ್ಯಾದೆ ಇರಲಿಲ್ಲ. ನನ್ನ ಸರದಿ ಬಂದಾಗ ನಾನೂ ಅಪ್ಪನ ಮಗಳೇ, ಎಲ್ಲದಕ್ಕೂ "ಚೆನ್ನಾಗಿದೆ" ಅನ್ನುತ್ತಿದ್ದೆ. "ಚೆಂದ ಉಂಟು ಅಂತ ಹೇಳ್ಲಿಕ್ಕೆ ನಮ್ಗೆ ಮನೆಯವರಿದ್ದಾರೆ. ನಿಮ್ಗೆ ಕಂಡದ್ದು ಹೇಳಿ," ಎಂದು ಶಾಲಿನಿಯಕ್ಕ ಗದರಿದರು. ಒಂದು ಭಾನುವಾರ ಧೈರ್ಯ ಮಾಡಿ, "ಕಾಕ, ನಿಮ್ಮ ಮೀನುಗಾರನ ನೆತ್ತಿಯಿಂದ ಕರೆಂಟು ಕಂಬ ಎದ್ದಿದೆ" ಅಂದೆ. ಕಾಕ ಎದ್ದು ಟಿವಿಗೆ ಮೂಗು ತಾಗಿಸಿ ನೋಡಿದರು. "ಹೌದಲ್ಲ! ನಂಗೆ ಕಾಣ್ಲೇ ಇಲ್ಲ ಮಾರಾಯ್ರೆ!" ಎಂದು ನನ್ನ ತಟ್ಟೆಗೆ ಇನ್ನೊಂದು ಗೋಳಿಬಜೆ ಹಾಕಿದರು. ಅವರ ಮುಖವೇನೂ ಸಣ್ಣದಾಗಿರಲಿಲ್ಲ.

ಈ ಬೇಸಿಗೆಯಲ್ಲಿ ಅಪ್ಪ ಸ್ಟುಡಿಯೋ ಮುಚ್ಚಿದ. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ, ಅಂಗಡಿಗೆ ಬರುವವರು ಯಾರು? "ನೀನ ಬಂದು ಒಂದು ಕಡೀ ಫೋಟೋ ತಗದುಕೊಡು," ಎಂದು ಫೋನು ಮಾಡಿದ. ನಾನು ಹೋಗುವಷ್ಟರಲ್ಲಿ ಬೋರ್ಡು ಇಳಿಸಿಯಾಗಿತ್ತು. ಅರ್ಧ ಎಳೆದ ಶಟರಿನ ಮುಂದೆ, ಗಿರಾಕಿಗಳು ಕಾಯುತ್ತಿದ್ದ ಬೆಂಚಿನ ಮೇಲೆ ಅಪ್ಪ ಕೂತ. ತೆಗೆದೆ. ಬಣ್ಣ ತಿದ್ದಿ, ಪ್ರಿಂಟು ಹಾಕಿಸಿ ಅವನ ಕೈಗಿಟ್ಟೆ.

"ಚಲೋ..." ಎಂದು ಅವನು ಬಾಯಿ ತೆರೆದ.

ನಾನು ಕೈ ಅಡ್ಡ ಹಿಡಿದೆ. "ಚಲೋ ಅನಬ್ಯಾಡಪ್ಪಾ. ನಿನ್ನ ಕಣ್ಣು ಮೊದಲ ಎಲ್ಲಿ ಹೋತು, ಏನು ಅಡ್ಡ ಬಂತು, ಅಷ್ಟ ಹೇಳು. ನಾ ಮಾತಾಡಂಗಿಲ್ಲ."

ಅವನು ಕನ್ನಡಕ ಒರೆಸಿಕೊಂಡ. ಬಹಳ ಹೊತ್ತು ನೋಡಿದ.

"ಬೆಂಚಿಗೆ ಹೋತು. ಬೆಂಚು ತೊಯ್ದಂಗ ಕಾಣತೈತಿ. ಇದು ನಮ್ಮ ಬಿಸಲಲ್ಲವ್ವಾ. ನೀ ಇದಕ್ಕ ಮಳಿ ಹಾಕೀದಿ." ಪ್ರಿಂಟನ್ನು ಕಣ್ಣಿನ ಹತ್ತಿರ ತಂದು ಅಂದ, "ಬಣ್ಣ ಚಲೋ ಬಂದಿಲ್ಲ. ಆದರ ಇಲ್ಲಿ ಕುಂತಾವ ನಾನ ಅದೀನಿ. ನನ್ನ ಹಿಂಗ ಯಾರೂ ತಗದಿದ್ದಿಲ್ಲ."

ನಾನು ಹೋ ಎಂದು ಅತ್ತುಬಿಟ್ಟೆ. ಗಾಬರಿಯಾದ ಅಪ್ಪ, "ಇಲ್ಲವ್ವಾ, ಚಲೋ ಬಂದೈತಿ, ಭಾಳ ಚಲೋ ಬಂದೈತಿ" ಅನ್ನತೊಡಗಿದ.

ಅವನಿಗೆ ನಮ್ಮ ಬಿಸಿಲಿನ ಬಣ್ಣದಲ್ಲೇ ಇನ್ನೊಂದು ಪ್ರಿಂಟು ಹಾಕಿಸಿಕೊಟ್ಟೆ. ಮೊದಲಿನದನ್ನು ಮತ್ತೆ ತಿದ್ದದೆ ಹಾಗೇ ಮಂಗಳೂರಿಗೆ ತಂದೆ.

ಭಾನುವಾರ ಮಹಡಿಯ ಟಿವಿಯಲ್ಲಿ ಅದು ಬಂತು. ನಾನು ಬಾಯಿ ಮುಚ್ಚಿ ಕೂತೆ.

"ಈಗ ಬಣ್ಣ ಸರಿ ಆಯ್ತು ನೋಡಿ," ಅಂದರು ಶಾಲಿನಿಯಕ್ಕ. "ಪಕ್ಕಾ ನಮ್ಮ ಊರಿನ ಬೆಳಕು."

"ನನ್ನ ಕಣ್ಣು ಅಲ್ಲಿ ಕೂತವರ ಮುಖಕ್ಕೇ ಹೋಯ್ತು," ಅಂದರು ಕಾಕ. "ಇದು ನಮ್ಮ ಬಂದರಿನ ಯಾವ್ದೋ ಹಳೆ ಅಂಗಡಿ ಅಲ್ವಾ? ಅವರನ್ನು ನಾನು ಎಲ್ಲೋ ನೋಡಿದ ಹಾಗೆ ಉಂಟು. ಅಡ್ಡ ಬಂದದ್ದು ಎಂತದೂ ಇಲ್ಲ."

ಎಲ್ಲರದೂ ಮುಗಿಯಿತು. "ಈಗ ನೀವು ಹೇಳಿಯಮ್ಮ, ಇದು ಯಾವ ಊರು?" ಎಂದು ಕಾಕ ನನ್ನ ಕಡೆ ತಿರುಗಿದರು.

ಇಷ್ಟು ದಿನ ಮಾತಿನ ಸರದಿಗೆ ಚಡಪಡಿಸುತ್ತಿದ್ದವಳು ನಾನು. "ಒಂದು ನಿಮಿಷ ಕಾಕ" ಅಂದೆ. ಟಿವಿಯಲ್ಲಿ ಅಪ್ಪ, ಮಳೆಯೇ ಬೀಳದೆ ತೊಯ್ದ ಬೆಂಚಿನ ಮೇಲೆ, ನನ್ನನ್ನೇ ನೋಡುತ್ತ ಕೂತಿದ್ದ.